ಮೊದಲ ಲಿನಕ್ಸ್ ಯಾವುದಾಗಬೇಕು: ಹಳೆಯ ಲ್ಯಾಪ್‌ಟಾಪು, ಟ್ಯಾಲಿ ಲೆಕ್ಕ, ನುಡಿ ಕಡತ ಇರುವ ಮನೆಗೆ

ಬಿಸಿಎ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಐದನೆಯ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್ ಮತ್ತು 500 ಜಿಬಿಯ ಹಳೆಯ ಹಾರ್ಡ್ ಡಿಸ್ಕ್ ಇವೆ. ಅದರಲ್ಲಿರುವ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಿಸೋಣವೆಂದರೆ ಅದು ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರನ್ನು, ಬೆರಳೆಣಿಕೆಯ ಅಪವಾದ ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ. ಹೊಸದು ಕೊಳ್ಳುವ ಅನುಕೂಲ ಸದ್ಯಕ್ಕಿಲ್ಲವಾದ್ದರಿಂದ ವಿಂಡೋಸಿನಂತೆಯೇ ಯಂತ್ರವನ್ನು ನಡೆಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್ ಹಾಕಿಕೊಳ್ಳಬೇಕೆಂದು ಯೋಚಿಸಿದ್ದೇನೆ. ಕಾಲೇಜಿನ ಲ್ಯಾಬಿನಲ್ಲಿ ಉಬುಂಟು ಬಳಸಿದ್ದೇನೆ, ಆದರೆ ಟರ್ಮಿನಲ್ ತೆರೆದು ಸಿ ಪ್ರೋಗ್ರಾಂ ಓಡಿಸಿದ್ದು ಬಿಟ್ಟರೆ ಹೆಚ್ಚೇನೂ ತಿಳಿಯದು. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್, ಜೋರಿನ್ ಎಂದು ಲಿನಕ್ಸಿನ ಬಗೆಗಳಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಇದೇ ಯಂತ್ರದಲ್ಲಿ ಅಪ್ಪಾಜಿ ತಮ್ಮ ಕಿರಾಣಿ ಸಗಟು ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುತ್ತಾರೆ ಮತ್ತು ನುಡಿಯಲ್ಲಿ ಕನ್ನಡ ಪತ್ರಗಳನ್ನು ಟೈಪು ಮಾಡುತ್ತಾರೆ. ಹೊಸಬಳಾದ ನಾನು ಮೊದಲಿಗೆ ಯಾವುದನ್ನು ಆರಿಸಿಕೊಂಡರೆ ಒಳ್ಳೆಯದು?

ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ, ದಾವಣಗೆರೆ

ನಿಮ್ಮ ಪ್ರಶ್ನೆಗೆ ನೇರ ಉತ್ತರ ಲಿನಕ್ಸ್ ಮಿಂಟ್, ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪಿರುವ ಆವೃತ್ತಿ. ಹಾಗೆನ್ನಲು ಕಾರಣಗಳಿವೆ, ಮತ್ತು ಆ ಕಾರಣಗಳು ಹೆಸರಿಗಿಂತ ಮುಖ್ಯ.

ನೀವು ಹೇಳಿದ ಎಲ್ಲವುಗಳ ತಿರುಳು ಒಂದೇ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್ (ಯಂತ್ರದ ಭಾಗಗಳನ್ನು ನಿಯಂತ್ರಿಸುವ ಒಳತಿರುಳು), ಮತ್ತು 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ, ಮುಕ್ತ ತಂತ್ರಾಂಶದ ಗ್ನೂ ಯೋಜನೆಯ ಸಲಕರಣೆಗಳು ಎಲ್ಲದರ ಒಳಗೂ ಇವೆ. 1993ರ ಡೆಬಿಯನ್ ಅಜ್ಜಿಯಾದರೆ, ಅದನ್ನು ಆಧರಿಸಿ 2004ರಲ್ಲಿ ಬಂದ ಉಬುಂಟು ಮಗಳು, ಉಬುಂಟುವನ್ನು ಆಧರಿಸಿ 2006ರಲ್ಲಿ ಹುಟ್ಟಿದ ಮಿಂಟ್ ಮೊಮ್ಮಗಳು. ಹಾಗಾಗಿ ಇವುಗಳಲ್ಲಿ ಯಾವುದನ್ನು ಕಲಿತರೂ ಮತ್ತೊಂದಕ್ಕೆ ಹೋದಾಗ ಕಲಿತದ್ದು ವ್ಯರ್ಥವಾಗುವುದಿಲ್ಲ. ವ್ಯತ್ಯಾಸವಿರುವುದು ಮುಖ್ಯವಾಗಿ ಪರದೆಯ ಮೇಲೆ ಕಾಣುವ ಡೆಸ್ಕ್‌ಟಾಪಿನಲ್ಲಿ, ತಂತ್ರಾಂಶ ಒದಗಿಸುವ ಬಗೆಯಲ್ಲಿ ಮತ್ತು ಎಷ್ಟು ಕಾಲಕ್ಕೊಮ್ಮೆ ಇಡೀ ವ್ಯವಸ್ಥೆಯನ್ನು ಬದಲಿಸಿಕೊಳ್ಳಬೇಕೆನ್ನುವುದರಲ್ಲಿ.

ಈ ಕೊನೆಯ ಸಂಗತಿಯನ್ನು ಹೊಸಬರು ಕೇಳುವುದೇ ಇಲ್ಲ, ಆದರೆ ಮೊದಲು ಕೇಳಬೇಕಾದದ್ದು ಅದನ್ನೇ. ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲದ ಬೆಂಬಲವಿರುವ) ಆವೃತ್ತಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ ಮತ್ತು ಅದಕ್ಕೆ ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ. 2024ರ ಜುಲೈನಲ್ಲಿ ಬಂದ ಮಿಂಟ್ 22, ಉಬುಂಟು 24.04ರ ಮೇಲೆ ನಿಂತಿರುವುದರಿಂದ ಅದರ ಸರಣಿಗೆ 2029ರವರೆಗೆ ಬೆಂಬಲವಿದೆ. ಅಂದರೆ ನಿಮ್ಮ ಪದವಿ ಮುಗಿಯುವವರೆಗೂ ಬುಡ ಅಲುಗಾಡಿಸುವ ಪ್ರಮೇಯ ಬರುವುದಿಲ್ಲ.

ಉಬುಂಟು 24.04ರ ಡೆಸ್ಕ್‌ಟಾಪಿಗೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, ಎಂದರೆ ನಿಮ್ಮ ಯಂತ್ರ ಹೊಸ್ತಿಲ ಮೇಲೆಯೇ ನಿಂತಿದೆ. ಮಿಂಟ್‌ಗೆ 2 ಜಿಬಿ ಕನಿಷ್ಠ, 4 ಜಿಬಿ ಇದ್ದರೆ ಸಲೀಸು. ಸಾಧ್ಯವಾದರೆ ಹಾರ್ಡ್ ಡಿಸ್ಕಿನ ಜಾಗದಲ್ಲಿ ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಹಾಕಿಸಿರಿ. ಯಾವ ಲಿನಕ್ಸ್ ಎಂಬ ಆಯ್ಕೆಗಿಂತಲೂ ಆ ಒಂದು ಬದಲಾವಣೆಯಿಂದ ನಿಮ್ಮ ಲ್ಯಾಪ್‌ಟಾಪು ಹೆಚ್ಚು ಚುರುಕಾಗುತ್ತದೆ.

ಪ್ರೋಗ್ರಾಮರ್, ಮೂಲ ಚಿತ್ರದುರ್ಗ, ಸದ್ಯ ಬೆಂಗಳೂರು

ಉಪನ್ಯಾಸಕರ ಮಾತನ್ನು ಗೌರವಿಸುತ್ತಲೇ ಸ್ವಲ್ಪ ಭಿನ್ನವಾಗಿ ಹೇಳುತ್ತೇನೆ. ಬಿಸಿಎ ಓದುವವರಿಗೆ ಹೊಸ ಕಂಪೈಲರ್, ಹೊಸ ಪೈಥಾನ್, ಹೊಸ ಕರ್ನಲ್ ಕೈಗೆ ಸಿಗಬೇಕು, ಮತ್ತು ಅದಕ್ಕೆ ಫೆಡೋರಾ ಒಳ್ಳೆಯದು. ಅದರ ಹಿಂದೆ ರೆಡ್ ಹ್ಯಾಟ್ ಕಂಪನಿ ಇದೆ, 2003ರಿಂದ ನಡೆದುಕೊಂಡು ಬಂದಿದೆ, ಮತ್ತು ಉದ್ಯೋಗಕ್ಕೆ ಸೇರಿದ ಮೇಲೆ ಸರ್ವರ್‌ಗಳಲ್ಲಿ ಕಾಣುವ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ಗೆ ಅದೇ ಮೂಲ. ಮಿಂಟ್ ಬಳಸಿದವರು ಕೊನೆಗೂ ಅದನ್ನು ವಿಂಡೋಸಿನ ಬದಲಿ ಎಂದಷ್ಟೇ ನೋಡುತ್ತಾರೆ, ಒಳಗನ್ನು ಕಲಿಯುವುದಿಲ್ಲ ಎನ್ನುವುದು ನನ್ನ ಅನಿಸಿಕೆ.

ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ, ದಾವಣಗೆರೆ

ಫೆಡೋರಾ ಉತ್ತಮ ವ್ಯವಸ್ಥೆ ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಅದರ ಆವೃತ್ತಿ ಸುಮಾರು ಆರು ತಿಂಗಳಿಗೊಮ್ಮೆ ಬರುತ್ತದೆ, ಮತ್ತು ಪ್ರತಿಯೊಂದಕ್ಕೂ ಬೆಂಬಲ ಸುಮಾರು ಹದಿಮೂರು ತಿಂಗಳು ಮಾತ್ರ. ಪೇಟೆಂಟ್ ತೊಡಕಿನ ಕಾರಣ ಕೆಲವು ವಿಡಿಯೊ ಕೋಡೆಕ್‌ಗಳನ್ನು (ವಿಡಿಯೊ ತೋರಿಸಲು ಬೇಕಾದ ಪುಟ್ಟ ತಂತ್ರಾಂಶಗಳನ್ನು) ಫೆಡೋರಾ ತಾನಾಗಿ ಕೊಡುವುದಿಲ್ಲವಾದ್ದರಿಂದ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರವನ್ನು ಸೇರಿಸಿಕೊಳ್ಳಬೇಕಾಗುತ್ತದೆ. ಇದು ನಿಮಗೂ ನನಗೂ ದೊಡ್ಡದಲ್ಲ. ಒಂದೇ ಯಂತ್ರದಲ್ಲಿ ಮಗಳ ಓದು ಮತ್ತು ತಂದೆಯವರ ವ್ಯಾಪಾರ ಎರಡೂ ನಡೆಯುವ ಮನೆಯಲ್ಲಿ ಅದು ದೊಡ್ಡದು. ಇನ್ನು ಒಳಗನ್ನು ಕಲಿಯುವ ವಿಚಾರಕ್ಕೆ ಬಂದರೆ, ಮಿಂಟ್‌ನಲ್ಲೂ ಟರ್ಮಿನಲ್ ಇದೆ, ಜಿಸಿಸಿ ಕಂಪೈಲರ್ ಇದೆ, ಕರ್ನಲ್‌ನ ಮೂಲಸಂಕೇತವನ್ನು ತಂದು ಕಂಪೈಲ್ ಮಾಡಲು ಯಾರ ಅಡ್ಡಿಯೂ ಇಲ್ಲ. ಕಲಿಯದವರು ಫೆಡೋರಾದಲ್ಲೂ ಕಲಿಯುವುದಿಲ್ಲ.

ಅಂದ ಹಾಗೆ, ಲಿನಕ್ಸಿನ ಬಗೆಗಳನ್ನು ಪಟ್ಟಿಮಾಡುವ ಡಿಸ್ಟ್ರೊವಾಚ್ ಜಾಲತಾಣದ ಶ್ರೇಯಾಂಕ ನೋಡಿ ಆರಿಸಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಆ ಅಂಕಿ ಎಣಿಸುವುದು ಆ ತಾಣದಲ್ಲಿರುವ ಆಯಾ ಪುಟವನ್ನು ಎಷ್ಟು ಜನ ತೆರೆದರೆಂಬುದನ್ನು ಮಾತ್ರ, ಎಷ್ಟು ಜನ ಬಳಸುತ್ತಿದ್ದಾರೆಂಬುದನ್ನಲ್ಲ. ಅದಕ್ಕಿಂತ ನಿಮ್ಮ ಕಾಲೇಜಿನಲ್ಲಿ, ನಿಮ್ಮ ಓಣಿಯಲ್ಲಿ ಯಾರು ಏನು ಬಳಸುತ್ತಿದ್ದಾರೆಂದು ವಿಚಾರಿಸುವುದು ಮೇಲು. ಏಕೆಂದರೆ ರಾತ್ರಿ ವೈಫೈ ಕೈಕೊಟ್ಟಾಗ ನೆರವಿಗೆ ಬರುವವರು ಅವರೇ.

ಬಿಸಿಎ ವಿದ್ಯಾರ್ಥಿನಿ, ದಾವಣಗೆರೆ

ಧನ್ಯವಾದಗಳು ಸರ್. ಮಿಂಟ್ ಎನ್ನುವುದು ಮನಸ್ಸಿಗೆ ಬಂದಿದೆ. ಆದರೆ ಟ್ಯಾಲಿಯ ಗತಿಯೇನು? ಅಪ್ಪಾಜಿ ಬೇರೆ ತಂತ್ರಾಂಶಕ್ಕೆ ಒಗ್ಗುವುದಿಲ್ಲ, ಅವರ ಲೆಕ್ಕಪರಿಶೋಧಕರೂ ಟ್ಯಾಲಿಯ ಡೇಟಾವನ್ನೇ ಕೇಳುತ್ತಾರೆ.

ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೆಲಸ, ದಾವಣಗೆರೆ

ಟ್ಯಾಲಿ ವಿಂಡೋಸಿಗಾಗಿಯೇ ಮಾಡಿದ ತಂತ್ರಾಂಶ. ವೈನ್ ಎಂಬ ಪದರದ ಮೂಲಕ ಲಿನಕ್ಸಿನಲ್ಲಿ ಓಡಿಸಲು ಯತ್ನಿಸುವವರಿದ್ದಾರೆ, ಆದರೆ ಅಂಗಡಿಯ ಲೆಕ್ಕವನ್ನು ಪ್ರಯೋಗಕ್ಕೆ ಒಡ್ಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ವಿಂಡೋಸನ್ನು ಅಳಿಸದೆ ಡಿಸ್ಕಿನ ಒಂದು ಭಾಗದಲ್ಲಿ ಉಳಿಸಿಕೊಂಡು, ಇನ್ನೊಂದು ಭಾಗದಲ್ಲಿ ಮಿಂಟ್ ಹಾಕಿರಿ. ಯಂತ್ರ ಆನ್ ಮಾಡಿದಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ಆ ಮೇಲೆ ವಿಂಡೋಸನ್ನು ಟ್ಯಾಲಿಗಷ್ಟೇ ತೆರೆದು, ಅದರಲ್ಲಿ ಇಂಟರ್‌ನೆಟ್ ಬಳಕೆಯನ್ನು ಆದಷ್ಟು ಕಡಿಮೆ ಮಾಡಿರಿ. ವೈಯಕ್ತಿಕ ಬಳಕೆದಾರರಿಗೆ ಮೈಕ್ರೋಸಾಫ್ಟ್ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸಿದೆ, ಆದರೆ ಅದಕ್ಕೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು.

ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೆಲಸ ಮಾತ್ರ ಲಿನಕ್ಸಿನಲ್ಲೇ ಆಗುತ್ತದೆ, ಏಕೆಂದರೆ ಅದು ಬ್ರೌಸರಿನಲ್ಲಿ ನಡೆಯುವಂಥದ್ದು. ನಿಮ್ಮ ತಂದೆಯವರದು ಸ್ವಂತ ಮಾಲೀಕತ್ವದ ಅಂಗಡಿಯಾಗಿದ್ದರೆ ಮೊಬೈಲಿಗೆ ಬರುವ ಒಟಿಪಿಯಿಂದಲೇ ದೃಢೀಕರಣ ಮುಗಿಯುತ್ತದೆ. ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ (ಸೀಮಿತ ಹೊಣೆಯ ಪಾಲುದಾರಿಕೆಗಳಿಗೆ) ಡಿಜಿಟಲ್ ಸಹಿ ಕಡ್ಡಾಯವಾದ್ದರಿಂದ ಅವರಿಗೆ ಆ ಸಹಿ ಇರುವ ಯುಎಸ್‌ಬಿ ಟೋಕನ್ನಿನ ಡ್ರೈವರ್ ಹುಡುಕುವ ಹೆಚ್ಚಿನ ಕೆಲಸವಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ವಿಂಡೋಸಿನ ಡ್ರೈವುಗಳನ್ನು ಲಿನಕ್ಸ್ ಓದಬಲ್ಲದು, ಬರೆಯಲೂ ಬಲ್ಲದು. ಆದರೆ ಲಿನಕ್ಸಿನ ವಿಭಾಗವನ್ನು ವಿಂಡೋಸ್ ತಾನಾಗಿ ಓದಲಾರದು. ಅಲ್ಲದೆ ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ, ನಾವು ಶಟ್‌ಡೌನ್ ಮಾಡಿದೆವೆಂದುಕೊಂಡರೂ ಅದು ಅರ್ಧ ನಿದ್ದೆಯಲ್ಲಿರುತ್ತದೆ, ಮತ್ತು ಆಗ ಲಿನಕ್ಸ್ ಆ ಡ್ರೈವನ್ನು ಓದಲು ಮಾತ್ರ ತೆರೆಯುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಅದನ್ನು ಮೊದಲೇ ತೆಗೆದುಬಿಟ್ಟರೆ ಟ್ಯಾಲಿಯಿಂದ ಹೊರತೆಗೆದ ಕಡತವನ್ನು ಮಿಂಟ್‌ನಿಂದಲೇ ಎತ್ತಿಕೊಂಡು ಜಿಎಸ್‌ಟಿ ಪೋರ್ಟಲ್‌ಗೆ ಏರಿಸಬಹುದು.

ಡಿಟಿಪಿ ಅಂಗಡಿ, ಚಿತ್ರದುರ್ಗ

ತಂಗಿ, ನುಡಿಯ ಬಗ್ಗೆ ಯಾರೂ ಮಾತೆತ್ತಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನಮ್ಮ ಅಂಗಡಿಯಲ್ಲಿ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ ಇವೆಲ್ಲ ಇಂದಿಗೂ ಪೇಜ್‌ಮೇಕರ್ ಮತ್ತು ಕೋರಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶಗಳಲ್ಲಿ ನುಡಿ ಅಕ್ಷರಗಳಿಂದಲೇ ನಡೆಯುತ್ತವೆ. ಲಿನಕ್ಸಿಗೆ ಹೋಗಿರಿ ಎಂದು ಹೇಳುವವರು ಒಂದು ದಿನ ನಮ್ಮ ಕುರ್ಚಿಯಲ್ಲಿ ಕೂತು ನೋಡಲಿ. ಗಿರಾಕಿ ಹೋದ ವರ್ಷದ ಕಡತ ತೆರೆದು ತಾರೀಖು ಬದಲಿಸಿ ಕೊಡಿ ಎನ್ನುತ್ತಾರೆ. ಆ ಕಡತ ಬೇರೆ ಕಡೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಾಗಿ ಕಾಣುತ್ತದೆ. ನಿಮ್ಮ ಅಪ್ಪಾಜಿಯವರ ಪತ್ರಗಳ ಗತಿಯೂ ಅದೇ ಆದೀತು, ಎಚ್ಚರ.

ಕನ್ನಡ ಟೈಪಿಂಗ್ ಮತ್ತು ಯುನಿಕೋಡ್ ಕೆಲಸದವರು, ದಾವಣಗೆರೆ

ಅಣ್ಣ, ನಿಮ್ಮ ದೂರು ನ್ಯಾಯವಾದದ್ದು, ಆದರೆ ಅದನ್ನು ಲಿನಕ್ಸಿನ ತಲೆಗೆ ಕಟ್ಟಬಾರದು. ನುಡಿ ಎನ್ನುವ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಸಂಗತಿಗಳಿವೆ: ಕೀಲಿಮಣೆಯ ವಿನ್ಯಾಸ, ಅಕ್ಷರಶೈಲಿ, ಮತ್ತು ಅಕ್ಷರವನ್ನು ಕಡತದಲ್ಲಿ ಉಳಿಸುವ ಸಂಕೇತ. ಮೂರನ್ನೂ ಬಿಡಿಸಿ ನೋಡಿದರೆ ಯಾವುದು ಲಿನಕ್ಸಿನಲ್ಲಿ ಸಲೀಸು, ಯಾವುದು ಕಷ್ಟ ಎನ್ನುವುದು ಸ್ಪಷ್ಟವಾಗುತ್ತದೆ.

ಕೀಲಿಮಣೆಯ ಚಿಂತೆ ಬಿಡಿ. ಕೆ.ಪಿ. ರಾವ್ ಅವರ ಧ್ವನ್ಯಾತ್ಮಕ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಲಿನಕ್ಸಿನೊಳಗೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕೀಲಿಮಣೆಯ ವಿಭಾಗಕ್ಕೆ ಹೋಗಿ ಕನ್ನಡದ ಕಗಪ ವಿನ್ಯಾಸವನ್ನು ಸೇರಿಸಿದರೆ ಸಾಕು. ಉಬುಂಟುವಿನಲ್ಲಾದರೆ ವಿಂಡೋಸ್ ಚಿಹ್ನೆಯ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದಾಗ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುತ್ತದೆ. ಕೆ ಒತ್ತಿದರೆ ಕ, ನಡುವೆ ಎಫ್ ಒತ್ತಿದರೆ ಒತ್ತಕ್ಷರ: ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನಿಲ್ಲ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರಿಗೂ ಅದು ಸಿದ್ಧವಾಗಿದೆ.

ಅಕ್ಷರಶೈಲಿಗಳಿಗೂ ಬರವಿಲ್ಲ. ಲೋಹಿತ್, ಗುಬ್ಬಿ, ನವಿಲು, ನೋಟೋ ಇವೆಲ್ಲ ಮಿಂಟ್‌ನ ತಂತ್ರಾಂಶ ಭಂಡಾರದಲ್ಲಿಯೇ ಇವೆ. ಹಳೆಯ ನುಡಿ ಕಡತಗಳನ್ನು ಓದುವುದಷ್ಟೇ ಅಗತ್ಯವಾಗಿದ್ದರೆ ವಿಂಡೋಸಿನಲ್ಲಿರುವ ನುಡಿ ಫಾಂಟುಗಳನ್ನು ಮಿಂಟ್‌ಗೂ ಹಾಕಿಕೊಳ್ಳಿರಿ, ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ಪತ್ರ ಕನ್ನಡವಾಗಿಯೇ ಕಾಣುತ್ತದೆ. ಸಾಲು ಮತ್ತು ಪುಟಗಳು ಅಲ್ಲಲ್ಲಿ ಸರಿದಿರಬಹುದು.

ನಿಜವಾದ ತೊಡಕು ಸಂಕೇತದ್ದು. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿದೆ. ಪೇಜ್‌ಮೇಕರಿನಂಥ ಹಳೆಯ ತಂತ್ರಾಂಶಗಳಿಗೆ ಒತ್ತು, ಗುಣಿತಗಳನ್ನು ತಾವೇ ಜೋಡಿಸಲು ಬಾರದಿದ್ದುದರಿಂದ ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಇಂಥ ಪಠ್ಯವನ್ನು, ಎಲ್ಲ ಲಿಪಿಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಏಕರೂಪ ಸಂಕೇತವಾದ ಯುನಿಕೋಡಿಗೆ ಪರಿವರ್ತಿಸುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ, ಆದರೆ ಅವುಗಳ ಫಲಿತಾಂಶವನ್ನು ಕಣ್ಣಿಟ್ಟು ಓದಬೇಕು. ಉದಾಹರಣೆಗೆ ಕರ್ನಾಟಕ ಎನ್ನುವ ಪದ ತೆಗೆದುಕೊಳ್ಳಿ. ಹಳೆಯ ನುಡಿ ಕಡತದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆಯೇ ‘ನಾ’ ಆದಮೇಲೆ ಬರುತ್ತದೆ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ‘ರ್’ ಮೊದಲು, ‘ನಾ’ ಆಮೇಲೆ. ಪರಿವರ್ತಕ ಈ ಎರಡರ ಜಾಗ ಅದಲುಬದಲು ಮಾಡಬೇಕು. ಒತ್ತಕ್ಷರವೂ ದೀರ್ಘವೂ ಒಟ್ಟಿಗೆ ಬಂದ ಕಡೆ ಅದು ಎಡವುವುದುಂಟು, ಹೆಸರು ಮತ್ತು ಊರುಗಳಲ್ಲಿ ಆದ ಎಡವಟ್ಟು ಬೇಗ ಕಣ್ಣಿಗೆ ಬೀಳುವುದೂ ಇಲ್ಲ.

ಆದುದರಿಂದ, ತಂಗಿ, ನಿಮ್ಮ ತಂದೆಯವರ ಹಳೆಯ ಪತ್ರಗಳನ್ನೆಲ್ಲ ಒಂದೇ ಏಟಿಗೆ ಪರಿವರ್ತಿಸಲು ಹೊರಡಬೇಡಿರಿ. ಹಳೆಯವು ಹಳೆಯ ರೂಪದಲ್ಲೇ ಇರಲಿ, ಮತ್ತೆ ಬೇಕಾದವನ್ನು ಮಾತ್ರ ಬದಲಿಸಿಕೊಳ್ಳಿ, ಹೊಸದಾಗಿ ಬರೆಯುವುದೆಲ್ಲ ಯುನಿಕೋಡಿನಲ್ಲಿರಲಿ. ಯುನಿಕೋಡಿನ ಪತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದರೂ, ಇನ್ನೊಬ್ಬರ ಮೊಬೈಲಿನಲ್ಲಿ ತೆರೆದರೂ ಅದು ಕನ್ನಡವಾಗಿಯೇ ಇರುತ್ತದೆ.

ಡಿಟಿಪಿ ಅಂಗಡಿ, ಚಿತ್ರದುರ್ಗ

ವಿವರಣೆ ಒಪ್ಪಿದೆ. ಆದರೂ ನನ್ನ ಅಂಗಡಿ ಬದಲಾಗುವುದಿಲ್ಲ, ಏಕೆಂದರೆ ನಾನು ಕಡತ ಕಳಿಸುವ ಆಫ್‌ಸೆಟ್ ಪ್ರೆಸ್ಸಿನವರು ಕೋರಲ್ ಕಡತವನ್ನೇ ಕೇಳುತ್ತಾರೆ. ಇವುಗಳ ಬದಲಿಗೆ ಇಂಕ್‌ಸ್ಕೇಪ್, ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶಗಳ ಹೆಸರು ಕೇಳಿದ್ದೇನೆ. ಕನ್ನಡ ಸರಿಯಾಗಿ ಬರುತ್ತದೆಯೇ?

ಕನ್ನಡ ಟೈಪಿಂಗ್ ಮತ್ತು ಯುನಿಕೋಡ್ ಕೆಲಸದವರು, ದಾವಣಗೆರೆ

ಇಂಕ್‌ಸ್ಕೇಪಿನಲ್ಲಿ ಬರುತ್ತದೆ. ಸ್ಕ್ರೈಬಸ್ಸಿನ ಹಳೆಯ ಸ್ಥಿರ ಆವೃತ್ತಿಗಳಲ್ಲಿ ಒತ್ತಕ್ಷರ ಒಡೆಯುತ್ತಿತ್ತು, 2024ರಲ್ಲಿ ಬಂದ 1.6ರಿಂದ ಭಾರತೀಯ ಲಿಪಿಗಳನ್ನು ಜೋಡಿಸುವ ಸೌಲಭ್ಯ ಸೇರಿದೆ. ಇವೆರಡೂ ವಿಂಡೋಸಿನಲ್ಲೂ ಓಡುತ್ತವಾದ್ದರಿಂದ ನೀವು ಕುರ್ಚಿ ಬದಲಿಸದೆಯೇ ಪರೀಕ್ಷಿಸಬಹುದು. ಹೊಸಬರಿಗೆಲ್ಲ ನಾನು ಕೊಡುವ ಸಲಹೆಯೂ ಇದೇ. ಲಿನಕ್ಸ್ ಹಾಕುವ ಮೊದಲು ವಿಂಡೋಸಿನಲ್ಲೇ ಫೈರ್‌ಫಾಕ್ಸ್, ಲಿಬ್ರೆಆಫೀಸ್, ವಿಎಲ್‌ಸಿ, ಜಿಂಪ್ ಬಳಸಲು ಆರಂಭಿಸಿರಿ. ಆ ಮೇಲೆ ಕೆಳಗಿನ ವ್ಯವಸ್ಥೆ ಬದಲಾದರೂ ದಿನನಿತ್ಯ ಕೈಯಾಡಿಸುವ ತಂತ್ರಾಂಶಗಳು ಅವೇ ಆಗಿರುತ್ತವೆ.

ನಿವೃತ್ತ ಶಿಕ್ಷಕ, ಹೊಳಲ್ಕೆರೆ

ನನ್ನದೊಂದು ಅಡ್ಡಪ್ರಶ್ನೆ. ನನ್ನಲ್ಲಿ ಕೋರ್ 2 ಡ್ಯುಯೊ ಪ್ರೊಸೆಸರಿನ, 2 ಜಿಬಿ ರ‍್ಯಾಮಿನ ಡೆಸ್ಕ್‌ಟಾಪ್ ಇದೆ. ಅದರಲ್ಲಿ 32 ಬಿಟ್‌ನ ವಿಂಡೋಸ್ 7 ಇರುವುದರಿಂದ ಹೊಸ ಲಿನಕ್ಸ್ ಯಾವುದೂ ಹಿಡಿಸುವುದಿಲ್ಲವೆಂದು ರಿಪೇರಿಯವರು ಹೇಳಿದರು. ನಿಜವೇ? ನಮ್ಮ ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಹೇಗೆ?

ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ, ದಾವಣಗೆರೆ

ಮೇಷ್ಟ್ರೇ, ವಿಂಡೋಸ್ 32 ಬಿಟ್‌ನದ್ದಾಗಿದ್ದ ಮಾತ್ರಕ್ಕೆ ಪ್ರೊಸೆಸರೂ 32 ಬಿಟ್‌ನದ್ದೆಂದು ಅರ್ಥವಲ್ಲ. ಕೋರ್ 2 ಡ್ಯುಯೊ 64 ಬಿಟ್‌ನ ಪ್ರೊಸೆಸರು. ರ‍್ಯಾಮ್ ಕಡಿಮೆಯಿದ್ದ ಕಾಲದಲ್ಲಿ 32 ಬಿಟ್‌ನ ವಿಂಡೋಸ್ ಹಾಕಿಕೊಡುವ ರೂಢಿಯಿತ್ತು, ಅಷ್ಟೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಿಂದ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ನಿಂತುಹೋಗಿರುವುದು ನಿಜ, ಆದರೆ ನಿಮ್ಮ ಯಂತ್ರಕ್ಕೆ ಆ ಬಾಧೆಯಿಲ್ಲ. ಡೆಬಿಯನ್ನನ್ನೋ ಮಿಂಟನ್ನೋ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನೊಂದಿಗೆ ಹಾಕಿಕೊಳ್ಳಿ. ವ್ಯವಸ್ಥೆ ಹಗುರವಾಗಿದ್ದರೂ ಬ್ರೌಸರ್ ಹಗುರವಾಗಿರುವುದಿಲ್ಲ. 2 ಜಿಬಿಯಲ್ಲಿ ನಾಲ್ಕಾರು ಟ್ಯಾಬ್ ತೆರೆದರೆ ಯಾವ ಲಿನಕ್ಸಾದರೂ ತಡವರಿಸುತ್ತದೆ. ಬಾಸ್ ಕೂಡ ಡೆಬಿಯನ್ ಆಧಾರದ್ದೇ, ಭಾರತೀಯ ಭಾಷೆಗಳನ್ನು ಗಮನದಲ್ಲಿಟ್ಟು ಮಾಡಿದ್ದು. ಆದರೆ ತೊಂದರೆ ಬಂದಾಗ ಹುಡುಕಿದರೆ ಉತ್ತರ ಸಿಗುವುದು ಉಬುಂಟು ಮತ್ತು ಮಿಂಟ್‌ಗೇ ಹೆಚ್ಚು, ಆದ್ದರಿಂದ ಮೊದಲಿಗೆ ನಾನು ಬಾಸನ್ನು ಸೂಚಿಸುವುದಿಲ್ಲ.

ಪ್ರೋಗ್ರಾಮರ್, ಮೂಲ ಚಿತ್ರದುರ್ಗ, ಸದ್ಯ ಬೆಂಗಳೂರು

ಟ್ಯಾಲಿಯ ವಿಷಯ ತಿಳಿದ ಮೇಲೆ ನಾನೂ ಮಿಂಟ್‌ಗೆ ಒಪ್ಪುತ್ತೇನೆ. ಫೆಡೋರಾವನ್ನು ಮುಂದೆ ವರ್ಚುಯಲ್ ಯಂತ್ರದಲ್ಲಿ (ಮಿಂಟ್‌ನೊಳಗೇ ಓಡುವ ಅಣಕು ಯಂತ್ರದಲ್ಲಿ) ನೋಡಿಕೊಳ್ಳಬಹುದು, ರ‍್ಯಾಮ್ ಹೆಚ್ಚಿಸಿಕೊಂಡ ಮೇಲೆ. ಹಾಕುವ ಮೊದಲು ಲೈವ್ ಪೆನ್‌ಡ್ರೈವಿನಿಂದ, ಅಂದರೆ ಡಿಸ್ಕಿಗೆ ಹಾಕದೆಯೇ, ಓಡಿಸಿ ನೋಡುವುದನ್ನು ಮರೆಯಬೇಡಿ. ಕನಿಷ್ಠ 8 ಜಿಬಿಯ ಪೆನ್‌ಡ್ರೈವಿಗೆ ರೂಫಸ್ ಅಥವಾ ಎಚರ್ ತಂತ್ರಾಂಶದ ಮೂಲಕ ಮಿಂಟ್‌ನ ಐಎಸ್ಒ (ಇಡೀ ವ್ಯವಸ್ಥೆ ಅಡಗಿರುವ ಕಡತ) ಬರೆಯಿರಿ, ಬರೆಯುವ ಮೊದಲು ಕಡತ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಅದರ ಚೆಕ್‌ಸಮ್ ತಾಳೆ ನೋಡಿ. ಯಂತ್ರ ಆನ್ ಮಾಡಿದ ಕೂಡಲೇ ಎಫ್12 ಅಥವಾ ಎಫ್9, ತಯಾರಕರಿಗೆ ತಕ್ಕಂತೆ, ಒತ್ತಿದರೆ ಪೆನ್‌ಡ್ರೈವಿನಿಂದ ಶುರುವಾಗುವ ಆಯ್ಕೆ ಬರುತ್ತದೆ. ಆ ಸ್ಥಿತಿಯಲ್ಲಿ ನಿಮ್ಮ ಡಿಸ್ಕಿನ ಏನನ್ನೂ ಅದು ಮುಟ್ಟುವುದಿಲ್ಲ.

ಲೈವ್‌ನಲ್ಲಿ ವೇಗವನ್ನು ಅಳೆಯಬೇಡಿ, ಪೆನ್‌ಡ್ರೈವ್ ನಿಧಾನವೇ. ನೋಡಬೇಕಾದದ್ದು ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಪರದೆಯ ಬೆಳಕು ಏರಿಳಿಯುತ್ತದೆಯೇ, ಮುಚ್ಚಳ ಮುಚ್ಚಿ ತೆಗೆದರೆ ಎಚ್ಚರಗೊಳ್ಳುತ್ತದೆಯೇ ಎನ್ನುವುದನ್ನು. ಬ್ರಾಡ್‌ಕಾಮ್ ಚಿಪ್ ಇರುವ ಲ್ಯಾಪ್‌ಟಾಪುಗಳಲ್ಲಿ ವೈಫೈ ಮೊದಲಿಗೆ ಕಾಣದಿರಬಹುದು. ಆಗ ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಟೆದರಿಂಗ್ ಹಾಕಿದರೆ ಇಂಟರ್‌ನೆಟ್ ಬರುತ್ತದೆ, ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದು ಬೇಕಾದ ಡ್ರೈವರ್ ಹಾಕಿಕೊಳ್ಳಬಹುದು. ಮನೆಯ ಪ್ರಿಂಟರನ್ನೂ ಅಲ್ಲೇ ಜೋಡಿಸಿ ಒಂದು ಹಾಳೆ ಮುದ್ರಿಸಿ ನೋಡಿರಿ. ಎಚ್‌ಪಿಯ ಹಲವು ಮಾದರಿಗಳಿಗೆ ಎಚ್‌ಪಿಎಲ್ಐಪಿ ಎಂಬ ಡ್ರೈವರ್ ಇದೆ, ಆದರೆ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಕೆಲವು ಅಗ್ಗದ ಲೇಸರ್ ಪ್ರಿಂಟರುಗಳು ತಮ್ಮದೇ ಮುದ್ರಣ ಭಾಷೆ ಬಳಸುವುದರಿಂದ ಲಿನಕ್ಸಿನಲ್ಲಿ ಹಟ ಹಿಡಿಯುತ್ತವೆ.

ಬಿಸಿಎ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ವಿಂಡೋಸನ್ನು ಉಳಿಸಿಕೊಂಡು ಪಕ್ಕದಲ್ಲಿ ಮಿಂಟ್ ಎಕ್ಸ್‌ಎಫ್‌ಸಿಇ ಹಾಕುವುದೆಂದು ಅಪ್ಪಾಜಿಯವರನ್ನೂ ಒಪ್ಪಿಸಿದ್ದೇನೆ. ಡಿಸ್ಕನ್ನು ಹೇಗೆ ಹಂಚಬೇಕು? ಲ್ಯಾಪ್‌ಟಾಪಿನ ಬ್ಯಾಟರಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಮ್ಮ ಕಡೆ ಕರೆಂಟಿನದೂ ಭರವಸೆಯಿಲ್ಲ.

ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ, ದಾವಣಗೆರೆ

ಹಾಗಿದ್ದರೆ ಯುಪಿಎಸ್ ಇರುವ ಕಡೆಯೇ ಈ ಕೆಲಸ ಮಾಡಿರಿ, ಕಾಲೇಜಿನ ಲ್ಯಾಬಿನಲ್ಲಿ ಅನುಮತಿ ಕೇಳಿದರೆ ಕೊಟ್ಟಾರು. ವಿಂಡೋಸಿನ ವಿಭಾಗವನ್ನು ಕಿರಿದು ಮಾಡುವಾಗ ತುಂಬಿದ ಹಾರ್ಡ್ ಡಿಸ್ಕ್ ಬಹಳ ಹೊತ್ತು ತೆಗೆದುಕೊಳ್ಳಬಹುದು, ಮತ್ತು ನಡುವೆ ಕರೆಂಟು ಹೋದರೆ ಕಳೆದುಹೋಗುವುದು ಅಂಗಡಿಯ ಲೆಕ್ಕ. ಕಿರಿದು ಮಾಡುವ ಹೆಜ್ಜೆಯನ್ನು ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದ ಮಾಡಿ, ಖಾಲಿಯಾದ ಜಾಗವನ್ನು ಹಾಗೇ ಬಿಟ್ಟು, ಆಮೇಲೆ ಮಿಂಟ್‌ನ ಇನ್‌ಸ್ಟಾಲರಿನಲ್ಲಿ ವಿಂಡೋಸಿನ ಜೊತೆಗೆ ಸ್ಥಾಪಿಸುವ ಆಯ್ಕೆಯನ್ನು ಆರಿಸಿಕೊಳ್ಳಿ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದೆಯೇ ಎಂದು ಮೊದಲೇ ನೋಡಿ, ಇದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಮಿಂಟ್‌ಗೆ 20 ಜಿಬಿ ಸಾಕಾದರೂ 100 ಜಿಬಿ ಕೊಡಿ, ನಿಮ್ಮ ಡಿಸ್ಕಿನಲ್ಲಿ ಅದು ಹೊರೆಯಲ್ಲ. ಸ್ಥಾಪಿಸಿದ ದಿನವೇ ಮಿಂಟ್‌ನ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ (ವ್ಯವಸ್ಥೆಯ ಆ ಕ್ಷಣದ ಪ್ರತಿ) ತೆಗೆದಿಟ್ಟರೆ, ಮುಂದೆ ಯಾವುದೋ ಅಪ್‌ಡೇಟಿನಿಂದ ಡೆಸ್ಕ್‌ಟಾಪ್ ಕೆಟ್ಟರೂ ಹಿಂದಿನ ಸ್ಥಿತಿಗೆ ಮರಳಬಹುದು. ಅದು ಕಾಪಾಡುವುದು ವ್ಯವಸ್ಥೆಯ ಕಡತಗಳನ್ನು ಮಾತ್ರ. ನಿಮ್ಮ ಹೋಮ್ ಫೋಲ್ಡರನ್ನು ಅದು ತಾನಾಗಿ ಸೇರಿಸಿಕೊಳ್ಳುವುದಿಲ್ಲ, ವಿಂಡೋಸಿನಲ್ಲಿರುವ ಟ್ಯಾಲಿಯ ಡೇಟಾವಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಡಿಸ್ಕಿಗೆ ಕೈಹಾಕುವ ಮೊದಲು ಟ್ಯಾಲಿಯ ಬ್ಯಾಕಪನ್ನು ಎರಡು ಬೇರೆ ಪೆನ್‌ಡ್ರೈವುಗಳಿಗೆ ತೆಗೆದು, ಅದರಲ್ಲಿ ಒಂದನ್ನು ಇನ್ನೊಂದು ಯಂತ್ರದ ಟ್ಯಾಲಿಯಲ್ಲಿ ರಿಸ್ಟೋರ್ ಮಾಡಿ, ಕೊನೆಯ ದಿನದ ಬಾಕಿ ಸರಿಯಾಗಿ ಬರುತ್ತದೆಯೇ ಎಂದು ತಂದೆಯವರಿಂದಲೇ ತಾಳೆ ನೋಡಿಸಿರಿ.